ಮುರುಡೇಶ್ವರ ಟ್ರಿಪ್: ನಮ್ಮ ರಿಟೈರ್ಡ್ ಬಳಗದವರು ಪದೇ ಪದೇ ಕೇಳ್ತಿರೋ ಪ್ರಶ್ನೆಗಳು

ವಿ.ಸಿ. ನಾಲೆ (ಕೆ.ಆರ್.ಎಸ್. ಡ್ಯಾಮಿಂದ ಬರೋ ವಿಶ್ವೇಶ್ವರಯ್ಯ ನಾಲೆ) ಕಡೆ ಒಟ್ಟಿಗೆ ಕೆಲ್ಸ ಮಾಡಿ ರಿಟೈರ್ ಆದ ಇಂಜಿನಿಯರ್‌ಗಳು, ಆಫೀಸಿನೋರು, ಜೀಪ್ ಡ್ರೈವರ್‌ಗಳು, ಗದ್ದೆಗಳಿಗೆ ನೀರು ಬಿಡ್ತಿದ್ದ ನೀರುಗಂಟಿಗಳು, ಅವರ ಮನೆಯವರು ಎಲ್ಲಾ ಸೇರಿ ಸಂಕ್ರಾಂತಿ ಆದ್ಮೇಲೆ ಮುರುಡೇಶ್ವರಕ್ಕೆ ಹೋಗೋದು ಅಂತ ತೀರ್ಮಾನ ಆಗಿದೆ. ದಿನಾ ಫೋನಲ್ಲಿ ಒಂದೇ ಪ್ರಶ್ನೆನ ಬೇರೆ ಬೇರೆಯವರು ಕೇಳ್ತಿದಾರೆ, ಕೇಳಲೇಬೇಕು, ಈ ವಯಸ್ಸಲ್ಲಿ ಚಳಿಗಾಲದಲ್ಲಿ ಮನೆ ಬಿಟ್ಟು ಹೊರಡೋದು ಅಂದ್ರೆ ನೂರೆಂಟು ಯೋಚ್ನೆ ಬರುತ್ತೆ, ಅದಕ್ಕೇ ಎಲ್ಲಾನೂ ಒಂದೇ ಕಡೆ ಬರೀತಿದೀನಿ. ಒಂದು ಮಾತು ಮೊದ್ಲೇ ಹೇಳ್ತೀನಿ, ನಮ್ಮಲ್ಲಿ ಎಲ್ಲಾರಿಗಿಂತ ನಿಧಾನಕ್ಕೆ ನಡೆಯೋರು ಯಾರೋ ಅವರ ನಡಿಗೆ ನೋಡ್ಕೊಂಡೇ ಪ್ರೋಗ್ರಾಮ್ ಹಾಕಿರೋದು. ಯಾಕೆ ಇದನ್ನ ಬಿಟ್ರಿ, ಯಾಕೆ ಅಲ್ಲಿಗೆ ಹೋಗಲ್ಲ ಅಂತ ಎಲ್ಲೆಲ್ಲಿ ಅನ್ಸುತ್ತೋ ಅಲ್ಲೆಲ್ಲಾ ಕಾರಣ ಇದೇ.

ಇಷ್ಟು ಚಳೀಲಿ ಯಾಕ್ರೀ, ಬೇಸಿಗೇಲಿ ಹೋಗಬಾರ್ದಾ?

ಏಪ್ರಿಲ್ ಮೇನಲ್ಲಿ ಕರಾವಳಿ ಸೆಕೆ ನಮ್ಮ ಮಂಡ್ಯದ ಬಿಸಿಲಿನ ಥರ ಅಲ್ಲ, ಮೈಯೆಲ್ಲಾ ಬೆವರು ಸುರಿದು ಅದು ಆರೋದೇ ಇಲ್ಲ, ಹಾರ್ಟ್ ತೊಂದ್ರೆ ಇರೋರಿಗೆ ಆ ಸೆಕೆ ತಡೆಯೋದು ಕಷ್ಟ. ಜೂನಿಂದ ಸೆಪ್ಟೆಂಬರ್‌ವರೆಗೆ ಮಳೆ, ಸಮುದ್ರದ ಹತ್ರ ಹೋಗೋ ಹಾಗೇ ಇಲ್ಲ. ಅಕ್ಟೋಬರ್ ನವೆಂಬರಲ್ಲಿ ಒಂದೊಂದ್ಸಲ ಅರಬ್ಬಿ ಸಮುದ್ರದಲ್ಲಿ ಸೈಕ್ಲೋನ್ ಏಳುತ್ತೆ. ಡಿಸೆಂಬರ್ ಬಂದ್ರೆ ಶಾಲಾ ಪ್ರವಾಸದ ಬಸ್ಸುಗಳ ಸಾಲು, ಊಟಕ್ಕೆ ಕ್ಯೂ, ಬಾತ್‌ರೂಮಿಗೆ ಕ್ಯೂ. ಅಲ್ದೆ ನಮ್ಮಲ್ಲಿ ಅರ್ಧಕ್ಕೆ ಅರ್ಧ ಜನಕ್ಕೆ ಜಮೀನಿದೆ, ಭತ್ತದ ಕುಯ್ಲು, ಒಕ್ಕಣೆ ಮುಗೀದೆ ಯಾರೂ ಅಲ್ಲಾಡಲ್ಲ. ಸಂಕ್ರಾಂತಿ ದಿನ ದನಗಳಿಗೆ ಕಿಚ್ಚು ಹಾಯ್ಸಿ, ಎಳ್ಳು ಬೆಲ್ಲ ಬೀರಿ ಆದ್ಮೇಲೆ ಮನಸ್ಸಿಗೂ ಬಿಡುವು, ಆಗ ಸಮುದ್ರವೂ ಶಾಂತವಾಗಿರುತ್ತೆ, ಆಕಾಶವೂ ಸ್ವಚ್ಛ.

ಸಮುದ್ರದ ಹತ್ರ ಚಳಿ ಎಷ್ಟಿರುತ್ತೆ?

ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು ಯಾಕಂದ್ರೆ ಎಲ್ಲರ ಭಯವೂ ಇದೇ. ಜನವರೀಲಿ ಮಂಡ್ಯ ಮೈಸೂರು ಕಡೆ ರಾತ್ರಿ 15–16 ಡಿಗ್ರಿ ಇದ್ರೆ ಮುರುಡೇಶ್ವರದ ಕಡೆ 20ರ ಆಸುಪಾಸು ಇರುತ್ತೆ. ಭೂಮಿ ಬೇಗ ಬಿಸಿಯಾಗಿ ಬೇಗ ತಣ್ಣಗಾಗುತ್ತೆ, ನೀರು ನಿಧಾನ, ಹಗಲಲ್ಲಿ ಹಿಡ್ಕೊಂಡ ಬಿಸಿನ ರಾತ್ರಿ ಪೂರ್ತಿ ಇಟ್ಕೊಂಡಿರುತ್ತೆ, ಹಾಗಾಗಿ ಅಲ್ಲಿ ಚಳಿ ನಮ್ಮೂರಿಗಿಂತ ಕಮ್ಮೀನೇ. ಆದ್ರೆ ಬೆಳಗಿನ ಜಾವ ಘಟ್ಟದ ಕಡೆಯಿಂದ ಸಮುದ್ರದ ಕಡೆಗೆ ಒಣಗಾಳಿ ಬೀಸುತ್ತೆ, ಅದು ಕಿವಿಗೆ ಕಚ್ಚುತ್ತೆ. ಮಧ್ಯಾಹ್ನ 32 ಡಿಗ್ರಿವರೆಗೂ ಏರುತ್ತೆ, ಆಗ ಸ್ವೆಟರ್ ಅಲ್ಲ ಟವಲ್ ಬೇಕು.

ನಿಜವಾದ ಚಳಿ ಇರೋದು ದಾರೀಲಿ. ರೈಲು ಹಾಸನ ದಾಟಿ ಸಕಲೇಶಪುರದ ಹತ್ರ ಬರೋದು ನಡುರಾತ್ರಿ ಕಳೆದ್ಮೇಲೆ, ಆ ಊರೇ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಸ್ಲೀಪರ್ ಬೋಗೀಲಿ ಯಾರೋ ಒಬ್ರು ಕಿಟಕಿ ಒಂದಿಂಚು ತೆಗೆದಿದ್ರೂ ಸಾಕು ಇಡೀ ಬೋಗಿ ನಡುಗುತ್ತೆ. ಅದಾದ್ಮೇಲೆ ವಾಪಸ್ ಬರೋವಾಗ ಮಂಡ್ಯ ಸ್ಟೇಷನ್ ಪ್ಲಾಟ್‌ಫಾರಂ. ಈ ಎರಡು ಕಡೆಗೆ ರೆಡಿಯಾಗಿ ಬಂದ್ರೆ ಸಾಕು.

ಹಾಗಾದ್ರೆ ಏನೇನು ತರ್ಬೇಕು?

ಒಂದು ದಪ್ಪ ಸ್ವೆಟರ್, ಮಂಕಿ ಕ್ಯಾಪ್ ಇಲ್ಲಾ ಮಫ್ಲರ್, ಕಾಲುಚೀಲ, ಹೊದಿಯೋಕೆ ಒಂದು ರಗ್ಗು ಇಲ್ಲಾ ಕಂಬಳಿ (ಸ್ಲೀಪರ್ ಬೋಗೀಲಿ ಹೊದಿಕೆ ಕೊಡಲ್ಲ). ಅಲ್ಲಿಗೆ ಕಾಟನ್ ಬಟ್ಟೆ, ಜಾರದೇ ಇರೋ ಚಪ್ಪಲಿ, ಛತ್ರಿ ಇಲ್ಲಾ ಟೋಪಿ, ದೇವಸ್ಥಾನಕ್ಕೆ ಒಂದು ಪಂಚೆ. ಹೊಸ ಶೂ ಹಾಕ್ಕೊಂಡು ಬರಬೇಡಿ, ಕಾಲು ಕಚ್ಚಿ ಗಾಯ ಆದ್ರೆ ಶುಗರ್ ಇರೋರಿಗೆ ಅದು ವಾಸಿಯಾಗೋಕೆ ತಿಂಗಳಾನುಗಟ್ಲೆ ಹಿಡಿಯುತ್ತೆ. ಟಾರ್ಚ್ ಇದ್ರೆ ತನ್ನಿ.

ಬಸ್ಸಲ್ಲಿ ಯಾಕಲ್ಲ? ಸ್ವಂತ ಬಸ್ ಮಾಡ್ಕೊಂಡ್ರೆ ಮನೆ ಬಾಗಿಲಿಂದ್ಲೇ ಹೊರಡಬಹುದಲ್ಲ?

ರೈಲಲ್ಲಿ ಬಾತ್‌ರೂಮ್ ಇದೆ, ಅದೊಂದೇ ಕಾರಣ ಸಾಕು. ಚಳೀಲಿ ಗಂಟೆಗೊಂದ್ಸಲ ಎದ್ದು ಹೋಗ್ಬೇಕಾಗಿರೋರು ನಮ್ಮಲ್ಲಿ ಎಷ್ಟೋ ಜನ, ಬಸ್ಸಲ್ಲಿ ಡ್ರೈವರ್ನ ನಿಲ್ಸು ಅಂತ ಕೇಳೋಕೆ ಸಂಕೋಚ ಪಟ್ಕೊಂಡು ನೀರೇ ಕುಡಿಯದೆ ಕೂತ್ಕೋತಾರೆ, ಅದು ಇನ್ನೂ ಅಪಾಯ. ಅಲ್ದೆ ಬೆಂಗಳೂರಿಂದ ಮುರುಡೇಶ್ವರಕ್ಕೆ ಹೋಗೋ ರೈಲು ಮಂಡ್ಯ ಮೈಸೂರು ಮೇಲೇ ಹೋಗುತ್ತೆ, ರಾತ್ರಿ ಹತ್ತಿ ಮಲ್ಕೊಂಡ್ರೆ ಮಂಗಳೂರು ದಾಟೋ ಹೊತ್ತಿಗೆ ಬೆಳಕಾಗಿರುತ್ತೆ, ಮಧ್ಯಾಹ್ನಕ್ಕೆ ಮುರುಡೇಶ್ವರ. ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ, ಒಂದಾದ ಮೇಲೊಂದು ಹೊಳೆ, ತೆಂಗಿನ ತೋಟ, ಕಿಟಕಿ ಪಕ್ಕ ಕೂತು ನೋಡ್ಕೊಂಡು ಹೋಗ್ಬಹುದು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಮಧ್ಯದ 55 ಕಿಲೋಮೀಟರ್ ಘಾಟಿ, ಅದರ 57 ಸುರಂಗ ಮಾತ್ರ ಕತ್ತಲಲ್ಲಿ ಕಳೆದುಹೋಗುತ್ತೆ, ಅದೊಂದು ಬೇಜಾರು ನನಗೂ ಇದೆ. ನಮ್ಮ ವಿ.ಸಿ. ನಾಲೆಯ ಹುಲಿಕೆರೆ ಸುರಂಗದಲ್ಲಿ ನೀರು ಹರಿಸಿದೋರು ನಾವು, ಬೆಟ್ಟ ಕೊರೆದು ದಾರಿ ಮಾಡೋದು ಏನು ಅಂತ ನಮಗೆ ಗೊತ್ತು.

ರೈಲಿನ ಟೈಮ್ ಆಗಾಗ ಬದಲಾಗುತ್ತೆ, ಹಿಂದಿನ ದಿನ ಗ್ರೂಪಲ್ಲಿ ಹಾಕ್ತೀನಿ.

ನನಗೆ ಮೇಲಿನ ಬರ್ತ್ ಹತ್ತೋಕಾಗಲ್ಲ, ಲೋಯರ್ ಬರ್ತ್ ಗ್ಯಾರಂಟಿನಾ?

ಗ್ಯಾರಂಟಿ ಅಂತ ರೈಲ್ವೆಯೋರೇ ಹೇಳಲ್ಲ, ಆದ್ರೆ ಸಿಗೋ ದಾರಿ ಇದೆ. 60 ದಾಟಿದ ಗಂಡಸ್ರಿಗೆ, 45 ದಾಟಿದ ಹೆಂಗಸ್ರಿಗೆ ಲೋಯರ್ ಬರ್ತ್ ಕೋಟಾ ಅಂತ ಬೇರೆ ಇದೆ, ಆದ್ರೆ ಒಂದು ಟಿಕೆಟಲ್ಲಿ ಒಬ್ರು ಇಲ್ಲಾ ಇಬ್ರು ಮಾತ್ರ ಇರ್ಬೇಕು. ಎಲ್ಲಾ ಒಟ್ಟಿಗೆ ಇರೋಣ ಅಂತ ಆರಾರು ಜನನ ಒಂದೇ ಟಿಕೆಟಲ್ಲಿ ಹಾಕಿದ್ರೆ ಆ ಕೋಟಾ ಸಿಗಲ್ಲ, ಅದಕ್ಕೇ ಇಬ್ಬಿಬ್ರ ಹೆಸರಲ್ಲಿ ಬೇರೆ ಬೇರೆ ಟಿಕೆಟ್ ಮಾಡಿಸೋದು. ಹೀಗೆ ಮಾಡಿದಾಗ ಒಂದಿಬ್ರು ಬೇರೆ ಬೋಗೀಲಿ ಬೀಳಬಹುದು, ಬೇಜಾರ್ ಮಾಡ್ಕೋಬೇಡಿ, ರಾತ್ರಿ ಮಲಗೋಕಷ್ಟೇ ಅಲ್ಲಿ, ಬೆಳಗ್ಗೆ ಎದ್ದು ಎಲ್ಲಾ ಒಂದೇ ಕಡೆ ಕೂತ್ಕೊಂಡ್ರಾಯ್ತು. ಬುಕಿಂಗ್ ಓಪನ್ ಆಗೋದು 60 ದಿನ ಮುಂಚೆ, ಮೊದ್ಲು 120 ದಿನ ಇತ್ತು, 2024ರ ನವೆಂಬರಿಂದ ಕಮ್ಮಿ ಮಾಡಿದಾರೆ. ಆದ್ರಿಂದ ಆಧಾರಲ್ಲಿ ಇರೋ ಹಾಗೇ ಹೆಸರು, ವಯಸ್ಸು ತಡ ಮಾಡ್ದೆ ಕಳ್ಸಿ. ಮಂಡಿ ಆಪರೇಷನ್ ಆಗಿರೋರು, ರಾತ್ರಿ ಪದೇ ಪದೇ ಏಳೋರು ಅದನ್ನೂ ಹೇಳಿ, ಗಟ್ಟಿಯಾಗಿರೋರು ತಮ್ಮ ಲೋಯರ್ ಬರ್ತ್ ಬಿಟ್ಕೊಡ್ತೀವಿ ಅಂತ ಆಗ್ಲೇ ಹೇಳಿದಾರೆ.

ಸೀನಿಯರ್ ಸಿಟಿಜನ್ ರಿಯಾಯಿತಿ ಸಿಗುತ್ತಾ?

ರೈಲಲ್ಲಿ ಇಲ್ಲ. 2020ರ ಮಾರ್ಚಲ್ಲಿ ಕೊರೋನಾ ಟೈಮಲ್ಲಿ ನಿಲ್ಸಿದ್ದು, ಗಂಡಸ್ರಿಗೆ 40, ಹೆಂಗಸ್ರಿಗೆ 50 ಪರ್ಸೆಂಟ್ ಇತ್ತು. ಮಂಡ್ಯ ಸ್ಟೇಷನ್‌ಗೆ ಹಳ್ಳಿಗಳಿಂದ ಸರ್ಕಾರಿ ಬಸ್ಸಲ್ಲಿ ಬರೋ ಹೆಂಗಸ್ರಿಗೆ ಶಕ್ತಿ ಯೋಜನೇಲಿ ಟಿಕೆಟಿಗೆ ದುಡ್ಡಿಲ್ಲ, 60 ಆಗಿರೋ ಗಂಡಸ್ರಿಗೆ 25 ಪರ್ಸೆಂಟ್ ಕಮ್ಮಿ, ಕಾರ್ಡ್ ಇಟ್ಕೊಂಡಿರಿ.

ನನಗೆ ಪೆನ್ಷನ್ ಬರೋದೇ ಕಮ್ಮಿ, ಇಷ್ಟು ದುಡ್ಡು ಹೊಂದ್ಸೋಕಾಗಲ್ಲ.

ದಿನಗೂಲೀಲಿ ಸೇರಿ, ಕೊನೆಗೂ ಸರಿಯಾಗಿ ಪೆನ್ಷನ್ ಕಾಣದೇ ಇರೋರು ನಮ್ಮ ಜೊತೆ ಇದ್ದಾರೆ ಅಂತ ಎಲ್ರಿಗೂ ಗೊತ್ತು. ರಾತ್ರಿ ಹೊತ್ತು ಹಾವು ಚೇಳು ಅನ್ನದೆ ಲಾಟೀನು ಹಿಡ್ಕೊಂಡು ತೂಬಿನ ಹತ್ರ ನಿಂತು ಕೊನೇ ಭಾಗದ ಗದ್ದೆವರೆಗೂ ನೀರು ಮುಟ್ಟಿಸಿದೋರು ಅವರು, ನಮ್ಮ ರಿಪೋರ್ಟಲ್ಲಿ ಬರೀತಿದ್ದ ಲೆಕ್ಕ ಎಲ್ಲಾ ಅವರ ಕಾಲ್ನಡಿಗೆದು. ಅವರನ್ನ ಬಿಟ್ಟು ನಾವು ನಾಲ್ಕು ಜನ ಹೋಗಿ ಫೋಟೋ ತೆಗೆಸ್ಕೊಂಡು ಬಂದ್ರೆ ಅದಕ್ಕೆ ಬಳಗ ಅನ್ನೋ ಹೆಸರು ಯಾಕೆ? ಆಗೋರು ಹೆಚ್ಚಿಗೆ ಹಾಕಿ ಒಂದು ನಿಧಿ ಮಾಡಿದೀವಿ. ಅಕೌಂಟ್ಸ್ ಸೆಕ್ಷನ್ ಮೇಡಂಗೆ ಮಾತ್ರ ಫೋನ್ ಮಾಡಿ ನಿಮ್ಮಿಂದ ಎಷ್ಟಾಗುತ್ತೆ ಅಂತ ಹೇಳಿ, ಏನೂ ಆಗಲ್ಲ ಅಂದ್ರೆ ಅದನ್ನೇ ಹೇಳಿ. ಯಾರು ಎಷ್ಟು ಕೊಟ್ರು ಅಂತ ನನಗೂ ಅವರು ಹೇಳಲ್ಲ, ನಾನು ಕೇಳೋದೂ ಇಲ್ಲ. ಎಲ್ರಿಗೂ ಒಂದೇ ಥರ ರೂಮು, ಒಂದೇ ಪಂಕ್ತಿ ಊಟ.

ಸಾಹೇಬ್ರ ಪಕ್ಕದ ರೂಮಲ್ಲಿ ಇರೋಕೆ ಒಂಥರಾ ಮುಜುಗರ ಆಗುತ್ತಲ್ಲ?

ಇದನ್ನ ಕೇಳಿದ್ದು ಒಬ್ರು ಡ್ರೈವರ್ ಅಣ್ಣ. ಆ ಸಾಹೇಬ್ರೇ ನನ್ನ ಹತ್ರ, ಅವನ ಪಕ್ಕದ ರೂಮೇ ಹಾಕಪ್ಪಾ, ಅವನಿದ್ರೆ ನನಗೆ ಧೈರ್ಯ ಅಂದಿದಾರೆ. ಸಾರ್ ಅಂತ ಕರೆಯೋದನ್ನ ಬಿಡಿ ಅಂತ ಯಾರಿಗೂ ಹೇಳಲ್ಲ, ಅಭ್ಯಾಸ ಅದು, ಪ್ರೀತಿನೂ ಅದರಲ್ಲೇ ಇದೆ. ಆದ್ರೆ ಸಾಮಾನು ಹೊರೋದು, ಕಾಫಿ ತಂದ್ಕೊಡೋದು ಯಾರ ಡ್ಯೂಟೀನೂ ಅಲ್ಲ ಅಲ್ಲಿ, ಆಗೋರು ಮಾಡ್ತಾರೆ.

ನಮ್ಮನೆಯವರು ಹೋಗ್ಬಿಟ್ರು. ನಾನು ಒಬ್ಬಳೇ ಬರ್ಬಹುದಾ? ಅಲ್ಲಿ ನಾನು ಏನಾಗಬೇಕು?

ದಯವಿಟ್ಟು ಬನ್ನಿ ಅಕ್ಕಾ. ಕ್ವಾರ್ಟರ್ಸಲ್ಲಿ ಒಂದೇ ಕಾಂಪೌಂಡಲ್ಲಿ ಇದ್ದು ಒಬ್ರ ಮಕ್ಕಳಿಗೆ ಒಬ್ರು ಊಟ ಹಾಕಿ ಬೆಳೆಸಿದೋರು ನೀವೆಲ್ಲ, ನಾವು ರಾತ್ರಿ ನಾಲೆ ಒಡೀತು ಅಂತ ಎದ್ದು ಓಡಿದಾಗ ಮನೆ, ಮಕ್ಕಳು, ಅತ್ತೆ ಮಾವ ಎಲ್ಲಾ ನೋಡ್ಕೊಂಡಿದ್ದು ನೀವು. ಆಫೀಸಿನ ಕೆಲ್ಸದಲ್ಲಿ ಅರ್ಧ ನಿಮ್ಮದೇ. ಅವರಿದ್ದಾಗ ಅವರ ಜೊತೆ ಬರೋ ಹಕ್ಕು ಇತ್ತು, ಈಗಿಲ್ಲ ಅನ್ನೋ ಯೋಚ್ನೆ ಬೇಡವೇ ಬೇಡ, ನಿಮ್ಮ ಹೆಸರು ನಮ್ಮ ಲಿಸ್ಟಲ್ಲಿ ನಿಮ್ಮದೇ ಹೆಸರಾಗಿ ಇದೆ.

ಒಬ್ಬೊಬ್ರೇ ಬರೋ ಹೆಂಗಸ್ರಿಗೆ ಇಬ್ಬಿಬ್ರಿಗೆ ಒಂದು ರೂಮು, ಯಾರ ಜೊತೆ ಅಂತ ನೀವೇ ಹೇಳಿ. ಗೊರಕೆ, ರಾತ್ರಿ ಲೈಟ್ ಹಾಕ್ಕೊಂಡೇ ಮಲಗೋದು, ಬೆಳಗಿನ ಜಾವ ಎದ್ದು ಸ್ತೋತ್ರ ಹೇಳೋದು, ಇಂಥದ್ದೆಲ್ಲಾ ಮೊದ್ಲೇ ಹೇಳಿದ್ರೆ ಹೊಂದ್ಸೋಕೆ ಸುಲಭ. ಹೆಂಡತಿ ತೀರ್ಕೊಂಡಿರೋ ಗಂಡಸ್ರಿಗೂ ಇದೇ ಮಾತು. ಅವರೇ ಹೆಚ್ಚಾಗಿ ಬರಲ್ಲ ಅಂತಿರೋದು, ಮನೇಲೇ ಟಿವಿ ಮುಂದೆ ಕೂತಿರ್ತೀನಿ ಅಂತಾರೆ, ಅಂಥೋರ ಮನೆಗೆ ಫೋನ್ ಮಾಡಿದ್ರೆ ಸಾಲದು, ಹತ್ರದಲ್ಲಿರೋರು ಹೋಗಿ ಕೂತು ಮಾತಾಡಿ ಕರ್ಕೊಂಡು ಬನ್ನಿ.

ಮಂಡಿ ನೋವಿದೆ, ಮರಳಲ್ಲಿ ನಡೆಯೋಕಾಗುತ್ತಾ? ಗೋಪುರ ಹತ್ತಬೇಕಾ?

ಒಣಮರಳಲ್ಲಿ ಕಾಲು ಹೂತುಹೋಗಿ ಮಂಡಿಗೆ, ಸೊಂಟಕ್ಕೆ ನೋವಾಗುತ್ತೆ. ಸಮುದ್ರ ಇಳಿದಿರೋ ಟೈಮಲ್ಲಿ ನೀರಿನ ಅಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತೆ, ಅಲ್ಲಿ ಕೋಲು ಊರ್ಕೊಂಡು ಆರಾಮಾಗಿ ನಡೆಯಬಹುದು. ದಿನಕ್ಕೆ ಎರಡ್ಸಲ ಏರುತ್ತೆ, ಎರಡ್ಸಲ ಇಳಿಯುತ್ತೆ, ಇಳಿತದ ಹೊತ್ತು ಅಲ್ಲಿನ ಮೀನುಗಾರರನ್ನ ಕೇಳಿ ಅದರ ಪ್ರಕಾರ ಹೋಗೋದು. ಆಗದೇ ಇರೋರಿಗೆ ಕುರ್ಚಿ ಹಾಕ್ಸೋಣ, ದಡದಲ್ಲಿ ಕೂತ್ರೂ ಅಲೆ ಕಾಣುತ್ತೆ, ಸೂರ್ಯ ಮುಳುಗೋದೂ ಕಾಣುತ್ತೆ.

ರಾಜಗೋಪುರಕ್ಕೆ ಲಿಫ್ಟ್ ಇದೆ. 20 ಅಂತಸ್ತು, 230 ಅಡಿಗೂ ಎತ್ತರ, ಮೇಲಿಂದ ಸಮುದ್ರ ಮೂರು ಕಡೆ ಕಾಣುತ್ತೆ. ಶನಿವಾರ ಭಾನುವಾರ ಲಿಫ್ಟಿಗೆ ಉದ್ದ ಕ್ಯೂ, ಸೋಮವಾರ ಈಶ್ವರನ ವಾರ ಅಂತ ಜನ, ಅದಕ್ಕೇ ನಾವು ಸೋಮವಾರ ರಾತ್ರಿ ಹೊರಟು ಮಂಗಳವಾರ ಮುಟ್ಟೋದು. ಈಶ್ವರನ ದೊಡ್ಡ ಮೂರ್ತಿ ಹತ್ರ ಹೋಗೋಕೆ ಮೆಟ್ಟಿಲು ಹತ್ತಬೇಕು, ಆಗದೇ ಇರೋರು ಕೆಳಗಿಂದ್ಲೇ ಕೈಮುಗೀಬಹುದು, ಅಷ್ಟು ದೊಡ್ಡದು ಎಲ್ಲಿಂದಾದ್ರೂ ಕಾಣುತ್ತೆ. 123 ಅಡಿ. ಕೆ.ಆರ್.ಎಸ್. ತುಂಬಿದಾಗ ಗೇಜ್ 124.80 ಅಡಿ ಬರ್ತಿತ್ತಲ್ಲ, ಆ ಎತ್ತರ ನೆನೆಸ್ಕೊಳಿ.

ಬಿಪಿ, ಶುಗರ್, ಹಾರ್ಟ್ ತೊಂದ್ರೆ ಇರೋರು?

ಚಳಿಗೆ ರಕ್ತನಾಳ ಬಿಗಿಯಾಗುತ್ತೆ, ಬಿಪಿ ಏರುತ್ತೆ, ಅದಕ್ಕೇ ಬೆಳಗಿನ ಜಾವ ಐದು ಗಂಟೆಗೆ ವಾಕಿಂಗ್ ಹೋಗೋ ಅಭ್ಯಾಸ ಇರೋರು ಅಲ್ಲಿ ಅದನ್ನ ಬಿಡಿ. ಸೂರ್ಯ ಮೇಲೆ ಬಂದು ಬೆಚ್ಚಗಾದ್ಮೇಲೆ, ಎದ್ದ ತಕ್ಷಣ ಅಲ್ಲ ಏನಾದ್ರೂ ಬಿಸಿ ಕುಡಿದು, ಕಿವಿ ಮುಚ್ಕೊಂಡು, ಜೊತೆಗೊಬ್ರನ್ನ ಇಟ್ಕೊಂಡು ಹೋಗಿ. ಚಳೀಲಿ ಬಾಯಾರಿಕೆ ಗೊತ್ತಾಗಲ್ಲ, ನೀರು ಕಮ್ಮಿ ಕುಡೀತೀವಿ, ಬಿಪಿಗೆ ನೀರು ಹೋಗೋ ಮಾತ್ರೆ ತಗೊಳೋರಿಗೆ ಅದರಿಂದ ತಲೆ ಸುತ್ತುತ್ತೆ. ಅಸ್ತಮಾ ಇರೋರ ಪಂಪ್ ಜೇಬಲ್ಲೇ ಇರ್ಲಿ, ರೂಮಲ್ಲಲ್ಲ.

ಮಾತ್ರೆ ಬೇಕಾಗಿರೋದಕ್ಕಿಂತ ಎರಡು ದಿನದ್ದು ಹೆಚ್ಚಿಗೆ ತನ್ನಿ, ಕೈಚೀಲದಲ್ಲಿ ಇಡಿ. ಇನ್ಸುಲಿನ್ ಬಿಸಿಲಿಗೆ ಬೀಳಬಾರ್ದು, ಐಸಿಗೂ ತಾಗಬಾರ್ದು, ಗಟ್ಟಿಯಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಆಮೇಲೆ ಕೆಲ್ಸಕ್ಕೆ ಬರಲ್ಲ. ಒಂದು ಚೀಟೀಲಿ ನಿಮ್ಮ ಮಾತ್ರೆ ಹೆಸರು, ಡಾಕ್ಟರ್ ನಂಬರ್, ಮನೆಯವರ ನಂಬರ್ ಬರೆದು ಶರ್ಟ್ ಜೇಬಿಗೆ ಇಲ್ಲಾ ಪರ್ಸಿಗೆ ಹಾಕ್ಕೊಳಿ. ಬರೋ ಮುಂಚೆ ಡಾಕ್ಟರನ್ನ ಒಂದ್ಸಲ ಕೇಳಿ, ಅವರು ಬೇಡ ಅಂದ್ರೆ ಹಠ ಬೇಡ.

ಯಜಮಾನ್ರಿಗೆ ಮರೆವು ಜಾಸ್ತಿಯಾಗಿದೆ, ಕರ್ಕೊಂಡು ಬಂದ್ರೆ ಎಲ್ರಿಗೂ ತೊಂದ್ರೆನಾ?

ತೊಂದ್ರೆ ಇಲ್ಲ ಅಮ್ಮಾ. ಹಳೇ ಜನರನ್ನ ನೋಡಿದ್ರೆ ಅವರಿಗೆ ಹಳೇದೆಲ್ಲಾ ನೆನಪಿಗೆ ಬರಬಹುದು, ನಿನ್ನೇದು ಮರೆತಿದ್ರೂ ಸರ್ವೀಸಿನ ಕತೆ ನೆನಪಿರುತ್ತೆ. ಅವರ ಜೊತೆ ಯಾವಾಗ್ಲೂ ಒಬ್ರು ಇರೋ ಹಾಗೆ ಪಾಳಿ ಹಾಕೋಣ, ನೀವೂ ಎರಡು ಗಂಟೆ ನಿಶ್ಚಿಂತೆಯಾಗಿ ಸಮುದ್ರ ನೋಡಬಹುದು. ಅವರ ಕುತ್ತಿಗೆಗೆ ಫೋನ್ ನಂಬರ್ ಇರೋ ಕಾರ್ಡ್ ಹಾಕಿ, ರಾತ್ರಿ ರೂಮಿನ ಚಿಲಕ ಮೇಲಿಂದು ಹಾಕಿ. ಹೊಸ ಜಾಗ, ರಾತ್ರಿ ಎದ್ದಾಗ ಎಲ್ಲಿದೀನಿ ಅಂತ ಗಾಬರಿ ಆಗ್ಬಹುದು, ಬಾತ್‌ರೂಮ್ ಲೈಟ್ ಉರೀತಾ ಇರ್ಲಿ.

ನೀರಿಗೆ ಇಳೀಬಹುದಾ?

ಕಾಲು ಗಂಟು ಮುಳುಗೋವರೆಗೆ, ಲೈಫ್‌ಗಾರ್ಡ್ ಇರೋ ಕಡೆ, ಒಬ್ರ ಕೈ ಹಿಡ್ಕೊಂಡು. ಅದಕ್ಕಿಂತ ಮುಂದೆ ಯಾರೂ ಬೇಡ, ಈಜು ಬರೋರೂ ಬೇಡ. ನಾಲೇಲಿ ಈಜಿದೋರಿಗೆ ನೀರಿನ ಭಯ ಇರಲ್ಲ, ಅದೇ ನನ್ನ ಭಯ. ನಾಲೆ ನೀರು ಒಂದೇ ದಿಕ್ಕಿಗೆ ಹೋಗುತ್ತೆ, ಎರಡೂ ಕಡೆ ದಡ ಇರುತ್ತೆ. ಸಮುದ್ರದಲ್ಲಿ ಅಲೆ ದಡಕ್ಕೆ ಬಂದಂಗೆ ಕಂಡ್ರೂ ಬಂದ ನೀರೆಲ್ಲಾ ಒಂದು ಕಡೆ ಸೇರ್ಕೊಂಡು ಒಳಕ್ಕೆ ಎಳ್ಕೊಂಡು ಹೋಗುತ್ತೆ, ಆ ಸೆಳೆತ ಇರೋ ಕಡೆ ಅಲೆ ಕಮ್ಮಿ, ನೀರು ಶಾಂತವಾಗೇ ಕಾಣುತ್ತೆ. 2024ರ ಡಿಸೆಂಬರಲ್ಲಿ ಇದೇ ಮುರುಡೇಶ್ವರದ ಬೀಚಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದ್ರು. ಆ ಮಕ್ಕಳನ್ನ ನೆನೆಸ್ಕೊಂಡಾದ್ರೂ ಲೈಫ್‌ಗಾರ್ಡ್ ಮಾತು ಕೇಳಿ, ಕೆಂಪು ಬಾವುಟ ಇದ್ರೆ ಹತ್ರಾನೂ ಹೋಗಬೇಡಿ.

ಇನ್ನೊಂದು, ಜನವರೀಲೂ ಸಮುದ್ರದ ನೀರು 27–28 ಡಿಗ್ರಿ ಇರುತ್ತೆ, ಬೆಳಗ್ಗೆ ಕಾಲಿಟ್ರೆ ಹಿತವಾಗಿ ಬೆಚ್ಚಗಿರುತ್ತೆ, ಆದ್ರೆ ಒದ್ದೆ ಸೀರೆ, ಒದ್ದೆ ಪ್ಯಾಂಟಲ್ಲಿ ಗಾಳಿಗೆ ನಿಂತ್ರೆ ಆಗ ನಡುಕ ಶುರುವಾಗುತ್ತೆ. ಒಣಬಟ್ಟೆ ಒಂದು ಜೊತೆ ಕೈಯಲ್ಲೇ ಇರ್ಲಿ.

ಊಟಕ್ಕೇನು? ಮುದ್ದೆ ಸಿಗುತ್ತಾ?

ಅಲ್ಲಿ ಕುಚಲಕ್ಕಿ ಅನ್ನ, ಗಂಜಿ, ಮೀನು. ಮುದ್ದೆ ಹೋಟೆಲಲ್ಲಿ ಸಿಗೋದು ಅನುಮಾನ. ಮುದ್ದೆ ಇಲ್ದೆ ನಿದ್ದೆ ಬರಲ್ಲ ಅನ್ನೋರು ಜಾಸ್ತಿ ಇರೋದ್ರಿಂದ ರಾಗಿ ಹಿಟ್ಟು ತಗೊಂಡು ಹೋಗ್ತಿದೀವಿ, ನಾವು ಇಳ್ಕೊಳೋ ಕಡೆ ಅಡುಗೆ ಮನೆ ಕೊಡ್ತೀವಿ ಅಂದಿದಾರೆ, ಒಂದು ರಾತ್ರಿ ಮುದ್ದೆ ಜೊತೆ ಹಿತ್ಕಿದ ಅವರೆಬೇಳೆ ಸಾರು. ಸೊಗಡು ಅವರೆ ಸೀಸನ್ ಬೇರೆ, ಮನೇಲಿ ಹಿತ್ಕಿ ತರೋರು ಎಷ್ಟು ತರ್ತೀರ ಅಂತ ಮೊದ್ಲೇ ಹೇಳಿ. ಮೀನು ತಿನ್ನೋರಿಗೆ ಇದು ಒಳ್ಳೇ ಕಾಲ, ಕರಾವಳೀಲಿ ಮೀನುಗಾರಿಕೆ ಬಂದ್ ಇರೋದು ಜೂನ್ ಜುಲೈನಲ್ಲಿ, ಜನವರೀಲಿ ಬಂಗಡೆ ಚೆನ್ನಾಗಿ ಸಿಗುತ್ತೆ. ತಿನ್ನದೇ ಇರೋರಿಗೆ ಬೇರೆ ಸಾಲು, ಬೇರೆ ಪಾತ್ರೆ. ಎರಡೂ ಕಡೆಯವರು ಮೂಗು ಮುರಿಯೋದು ಬೇಡ. ರಾತ್ರಿ ಊಟ ಎಂಟಕ್ಕೆ ಮುಗೀಬೇಕು.

ದೇವಸ್ಥಾನ, ಬೀಚು ಬಿಟ್ರೆ ಇನ್ನೇನು ನೋಡೋದು?

ಬುಧವಾರ ಬೆಳಗ್ಗೆ ಬಿಸಿಲೇರಿದ್ಮೇಲೆ ಹೊನ್ನಾವರ. ಇದನ್ನ ನಾನು ಹಠ ಮಾಡಿ ಸೇರಿಸಿದ್ದು. ಅಲ್ಲಿ ಶರಾವತಿ ಸಮುದ್ರ ಸೇರೋದನ್ನ ನೋಡಬೇಕು. ನಾವು ಸರ್ವೀಸ್ ಪೂರ್ತಿ ಕಾವೇರಿ ನೀರನ್ನ ಅಡಿ, ಕ್ಯೂಸೆಕ್ ಲೆಕ್ಕದಲ್ಲಿ ಅಳೆದು ಅಳೆದು ಬಿಟ್ಟೋರು, ಒಂದು ಅಡಿ ಕಮ್ಮಿಯಾದ್ರೆ ರೈತರ ಮುಖ ನೋಡೋಕಾಗ್ತಿರಲಿಲ್ಲ. ಅಂಥೋರು ನದಿಯೊಂದು ಅಷ್ಟು ಅಗಲಕ್ಕೆ ಹರಡ್ಕೊಂಡು ಯಾರ ಲೆಕ್ಕಕ್ಕೂ ಸಿಗದೆ ಉಪ್ಪುನೀರಿಗೆ ಸೇರೋದನ್ನ ಕಣ್ಣಾರೆ ನೋಡ್ಬೇಕು ಅಂತ ನನ್ನ ಆಸೆ. ಶರಾವತಿಗೆ ಕಟ್ಟಿರೋ ಲಿಂಗನಮಕ್ಕಿ ಡ್ಯಾಮ್ 1819 ಅಡಿ ಅಂತ ಪೇಪರಲ್ಲಿ ಓದ್ತೀವಲ್ಲ, ಕೆ.ಆರ್.ಎಸ್. ಥರ ತಳದಿಂದ ಅಳೆದಿದ್ದಲ್ಲ ಅದು, ಸಮುದ್ರ ಮಟ್ಟದಿಂದ, ಆ ಸೊನ್ನೆ ಇರೋ ಜಾಗದಲ್ಲೇ ನಾವು ನಿಂತಿರ್ತೀವಿ. ಸಮುದ್ರ ಏರಿದಾಗ ಉಪ್ಪುನೀರು ನದಿ ಒಳಕ್ಕೇ ಬರುತ್ತೆ, ಹಾಗಾಗಿ ಅಲ್ಲಿ ಕಾಂಡ್ಲಾ ಕಾಡು (ಉಪ್ಪುನೀರಲ್ಲೇ ಬೆಳೆಯೋ ಮ್ಯಾಂಗ್ರೋವ್ ಗಿಡಗಳು) ಬೆಳೆದಿದೆ, ಅದರೊಳಗೆ ಮರದ ಹಲಗೆ ದಾರಿ ಇದೆ, ಕೋಲು ಹಿಡಿದೋರೂ ನಡೆಯಬಹುದು. ದೋಣಿ ಹತ್ತೋರು ಲೈಫ್ ಜಾಕೆಟ್ ಹಾಕ್ಕೊಳ್ಳೇಬೇಕು. ದೋಣಿ ಬೇಡ ಅನ್ನೋರು ದಡದಲ್ಲಿ ಕೂತು ಎರಡು ಕಿಲೋಮೀಟರ್ ಉದ್ದದ ರೈಲ್ವೆ ಬ್ರಿಡ್ಜ್ ನೋಡಬಹುದು.

ಬರ್ತಾ ಇಡಗುಂಜಿ ಗಣಪತಿ. ಹೆಂಗಸ್ರು ಭಟ್ಕಳ ಮಲ್ಲಿಗೆ ಕೇಳಿದಾರೆ, ಚಳೀಲಿ ಹೂವು ಕಮ್ಮಿ ಬಿಡುತ್ತೆ, ರೇಟು ಜಾಸ್ತಿ ಇರುತ್ತೆ, ಆದ್ರೂ ತರ್ಸೋಣ.

ಗೋಕರ್ಣ, ಕೊಲ್ಲೂರು, ಜೋಗ ಎಲ್ಲಾ ಹತ್ರಾನೇ ಅಲ್ವಾ, ಯಾಕೆ ಬಿಟ್ರಿ?

ಮೂರು ದಿನಕ್ಕೆ ಏಳು ಊರು ಹಾಕಿದ್ರೆ ಅರ್ಧ ಹೊತ್ತು ಗಾಡೀಲೇ ಹೋಗುತ್ತೆ, ನಿಧಾನ ಇರೋರು ಎಲ್ಲಾ ಕಡೆ ಬಸ್ಸಲ್ಲೇ ಕೂತಿರ್ತೀವಿ ನೀವು ಹೋಗಿ ಬನ್ನಿ ಅಂತಾರೆ. ಅದಾಗಬಾರ್ದು. ಮಾತಾಡೋಕೆ ಅಂತ ಹೋಗ್ತಿರೋದು.

ಸಂಜೆ ಹೊತ್ತು ಏನು ಪ್ರೋಗ್ರಾಮ್?

ಹಳೇ ಫೋಟೋ ಇದ್ರೆ ತನ್ನಿ. ಬೀಳ್ಕೊಡುಗೆ ಫೋಟೋ, ಕ್ವಾರ್ಟರ್ಸಿನ ಗಣೇಶನ ಫೋಟೋ, ಜೀಪ್ ಮುಂದೆ ನಿಂತಿರೋದು, ಯಾವುದಾದ್ರೂ ಸರಿ. ನಮ್ಮನ್ನ ಬಿಟ್ಟು ಹೋದೋರ ಹೆಸರು ಮೊದಲನೇ ಸಂಜೆನೇ ಓದಿ ಎರಡು ನಿಮಿಷ ಎದ್ದು ನಿಲ್ಲೋಣ. ಭಾಷಣ ಇಲ್ಲ, ಶಾಲು ಹಾರ ಇಲ್ಲ. ಆಮೇಲೆ ಹಾಡೋರು ಹಾಡ್ತಾರೆ, ಸೋಬಾನೆ ಪದ ಬರೋ ಅಕ್ಕಂದಿರು ಇದಾರೆ. ಹತ್ರದಲ್ಲಿ ಯಕ್ಷಗಾನ ಇದ್ರೆ ಆಸೆ ಇರೋರನ್ನ ಒಂದು ಗಾಡೀಲಿ ಕಳ್ಸೋಣ, ಮೇಳಗಳ ತಿರುಗಾಟ ನಡೀತಿರೋ ಕಾಲ ಅದು, ಆದ್ರೆ ಬಯಲಲ್ಲಿ ಮಂಜು ಬೀಳುತ್ತೆ, ತಲೆಗೆ ಕಟ್ಕೊಂಡು ಹೋಗಿ.

ಮಗಳು ಅಮೆರಿಕಾದಿಂದ ಫೋನ್ ಮಾಡಿ ಈ ಚಳೀಲಿ ಬೇಡ ಅಂತಿದಾಳೆ. ಏನು ಹೇಳೋದು?

ಅವಳ ಭಯ ಪ್ರೀತಿಯಿಂದ ಬಂದಿದ್ದು, ರೇಗಬೇಡಿ. ನನ್ನ ನಂಬರ್ ಕೊಡಿ, ನಾನು ಮಾತಾಡ್ತೀನಿ. ಮುರುಡೇಶ್ವರದಲ್ಲೇ ಆಸ್ಪತ್ರೆ ಇದೆ, ಭಟ್ಕಳದಲ್ಲಿ ತಾಲೂಕು ಆಸ್ಪತ್ರೆ ಇದೆ, ದೊಡ್ಡದೇನಾದ್ರೂ ಆದ್ರೆ ಮಣಿಪಾಲ ಸುಮಾರು 100 ಕಿಲೋಮೀಟರ್, ಹೈವೇ ದಾರಿ. 108 ಇದೆ, ನಾವು ಇರೋಷ್ಟು ದಿನ ಒಂದು ಕಾರು ಬೇರೆ ಕೆಲ್ಸಕ್ಕೆ ಬಳಸದೆ ಹಾಗೇ ನಿಲ್ಸಿರ್ತೀವಿ. ರೂಮೆಲ್ಲಾ ಗ್ರೌಂಡ್ ಫ್ಲೋರ್, ವೆಸ್ಟರ್ನ್ ಕಮೋಡ್. ದಿನಾ ರಾತ್ರಿ ಒಂಬತ್ತಕ್ಕೆ ಗ್ರೂಪಲ್ಲಿ ಎಲ್ರ ಫೋಟೋ ಹಾಕ್ತೀವಿ, ಅವಳಿಗೆ ಆಗ ಬೆಳಗ್ಗೆ ಆಗಿರುತ್ತೆ.

ವಾಪಸ್ ಬರೋವಾಗ ಎಷ್ಟು ಹೊತ್ತಾಗುತ್ತೆ?

ಗುರುವಾರ ಮಧ್ಯಾಹ್ನದ ಮೇಲೆ ಅಲ್ಲಿಂದ ಹೊರಟ್ರೆ ಮೈಸೂರು, ಮಂಡ್ಯ ಬರೋದು ಶುಕ್ರವಾರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ್ಲೇ. ಸಮುದ್ರದ ಬೆಚ್ಚಗಿನ ಗಾಳೀಲಿ ಮೂರು ದಿನ ಇದ್ದು ಬಂದ ಮೈಗೆ ಆ ಚಳಿ ಸುಮ್ನೆ ಅಲ್ಲ. ಇಳಿಯೋಕೆ ಅರ್ಧ ಗಂಟೆ ಮುಂಚೆನೇ ಎಬ್ಬಿಸ್ತೀವಿ, ಸ್ವೆಟರ್, ಟೋಪಿ ಎಲ್ಲಾ ಬ್ಯಾಗಿನ ತಳಕ್ಕೆ ತುಂಬಬೇಡಿ, ಮೇಲೇ ಇಟ್ಕೊಳಿ. ಮಕ್ಕಳು ಕರ್ಕೊಂಡು ಹೋಗೋಕೆ ಬರೋರು ಸರಿ, ಬರೋರು ಯಾರೂ ಇಲ್ದೇ ಇರೋರು ಒಬ್ಬೊಬ್ರೇ ಆಟೋ ಹುಡ್ಕೊಂಡು ಹೊರಡಬೇಡಿ, ಎರಡು ಟೆಂಪೋ ಟ್ರಾವೆಲರ್ ಹೇಳಿದೀವಿ, ಪಾಂಡವಪುರ ಶ್ರೀರಂಗಪಟ್ಟಣದ ಕಡೆ ಒಂದು, ಮದ್ದೂರು ಮಳವಳ್ಳಿ ಕಡೆ ಒಂದು, ಮನೆ ಬಾಗಿಲಿಗೇ ಬಿಟ್ಟು ಬರುತ್ತೆ. ಬೀಗ ತೆಗೆದು ಒಳಗೆ ಹೋಗಿ ಲೈಟ್ ಹಾಕೋವರೆಗೂ ಗಾಡಿ ನಿಂತಿರುತ್ತೆ.

ಹೆಸರು ಕೊಡೋದು ಯಾವಾಗ?

ಟಿಕೆಟ್ ಬುಕಿಂಗ್ ಓಪನ್ ಆಗೋದು ನವೆಂಬರಲ್ಲಿ, ಲೈಫ್ ಸರ್ಟಿಫಿಕೇಟ್ ಕೊಡೋಕೆ ಬ್ಯಾಂಕಿಗೆ, ಟ್ರೆಜರಿಗೆ ಬಂದಾಗ ಹೆಂಗೂ ಎಲ್ಲಾ ಸಿಗ್ತೀರಲ್ಲ, ಆಗ್ಲೇ ಆಧಾರ್ ಜೆರಾಕ್ಸ್ ಕೊಟ್ಬಿಡಿ. ಅಡ್ವಾನ್ಸ್ ಆಮೇಲೆ ಕೊಟ್ರೂ ನಡೆಯುತ್ತೆ. ವಾಟ್ಸಾಪ್ ಇಲ್ದೇ ಇರೋರು ನಮ್ಮಲ್ಲಿ ತುಂಬಾ ಜನ ಇದಾರೆ, ಇದನ್ನ ಓದಿದೋರು ನಿಮ್ಮೂರಿನ, ಅಕ್ಕಪಕ್ಕದ ಊರಿನ ಅಂಥೋರಿಗೆ ಹೋಗಿ ಓದಿ ಹೇಳಿ, ಅವರ ಪ್ರಶ್ನೆ ಏನಾದ್ರೂ ಇದ್ರೆ ಬರ್ಕೊಂಡು ಬನ್ನಿ, ಇಲ್ಲಿ ಸೇರಿಸ್ತೀನಿ.